ಬಾಬಿನ್ ಸುತ್ತುವ ಗೇರು

ಈ ದರ್ಜಿಯಮ್ಮ ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದವಳು. ತಪ್ಪು ಆಕೆಯದಲ್ಲ, ಕಾಲುಗಳದು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಅವಕ್ಕೆ ಜೋಡಿಯಾಗಿಯೇ ಕೆಲಸ ಮಾಡಿ ಅಭ್ಯಾಸ. ಎಡಗಾಲು ಕ್ಲಚ್ ಬಿಡುವಾಗ ಬಲಗಾಲು ಆಕ್ಸಿಲರೇಟರ್ ಒತ್ತಬೇಕು ಎಂದರೆ ಅವು ಕೇಳಬೇಕಲ್ಲ. ಗಾಡಿ ಪ್ರತಿ ಸಲವೂ ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ನಿಂತುಬಿಡುತ್ತಿತ್ತು.

ಕಲಿಸಿದವನು ಗಂಡ, ಸಿಟಿ ಬಸ್ಸಿನ ಡ್ರೈವರ್. ಗೇರು ಹಾಕುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ.

ಐದನೆಯ ಸಲವಾದರೂ ಪಾಸಾಗಲೇಬೇಕಿತ್ತು. ಊರಾಚೆಯ ಶಾಲೆಯೊಂದರ ಸಮವಸ್ತ್ರ ಹೊಲಿಯುತ್ತಿದ್ದವಳು ಆಕೆಯೇ. ಮೂಟೆ ತಲುಪಿಸಲು ಗಂಡನ ರಜೆಗೆ ಕಾದು ಕಳೆದ ಎರಡು ವರ್ಷವೂ ತಡವಾಗಿತ್ತು. ಇನ್ನೊಮ್ಮೆ ತಡವಾದರೆ ಕೆಲಸ ಬೇರೆಯವರಿಗೆ ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿದ್ದರು. ಕಡೆಗೆ ಅಕ್ಕ ಪರೀಕ್ಷೆಗೂ ಮೂಟೆ ಸಾಗಿಸಲೂ ತನ್ನ ಆಟೋಮ್ಯಾಟಿಕ್ ಕಾರು ಕೊಡಲು ಒಪ್ಪಿದಳು.

"ಕ್ಲಚ್ಚೇ ಇಲ್ದಿರೋದು ಗಾಡೀನಾ? ಮಿಕ್ಸಿ ಅದು," ಎಂದ ಗಂಡ.

ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಗೇರಿನ ಪಕ್ಕದ ಅಕ್ಷರಗಳಿಗೆ ತನ್ನ ಯಂತ್ರದಲ್ಲೇ ಅರ್ಥ ಹುಡುಕಿಕೊಂಡಳು. ಪಿ ಎಂದರೆ ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದ ಇಳಿಸಿದಂತೆ. ಗೇರ್ ಪೆಟ್ಟಿಗೆಯೊಳಗೆ ಒಂದು ಹಲ್ಲು ಚಕ್ರಕ್ಕೆ ಕಚ್ಚಿಕೊಂಡು ಗಾಡಿ ಅಲ್ಲಾಡುವುದಿಲ್ಲ. ಆರ್ ಎಂದರೆ ಕೊನೆಯಲ್ಲಿ ಹಾಕುವ ಹಿಂದಿನ ಹೊಲಿಗೆ. ಎನ್ ಎಂದರೆ ಬಾಬಿನ್‌ಗೆ ದಾರ ಸುತ್ತುವಾಗ ಗಾಲಿಯ ತಿರುಪು ಸಡಿಲಿಸಿದಂತೆ. ಗಾಲಿ ಗರಗರ ತಿರುಗುತ್ತದೆ, ಸೂಜಿ ಆರಾಮಾಗಿ ನಿಂತಿರುತ್ತದೆ. ಡಿ ಎಂದರೆ ಹೊಲಿಯುತ್ತ ಹೋಗುವುದು. ಬ್ರೇಕ್ ತುಳಿದು, ಹಿಡಿಯ ಗುಂಡಿ ಅದುಮದ ಹೊರತು ಗೇರು ಪಿ ಬಿಟ್ಟು ಬರುವುದಿಲ್ಲ ಎನ್ನುವ ಶಿಸ್ತು ಆಕೆಗೆ ಬಹಳ ಹಿಡಿಸಿತು. ಕೆಲಸವಿಲ್ಲದ ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದಿಟ್ಟುಕೊಂಡಳು.

ಪರೀಕ್ಷೆಯ ದಿನ ಮೈದಾನದವರೆಗೆ ಗಂಡನೇ ಓಡಿಸಿದ. ದಾರಿಯುದ್ದಕ್ಕೂ ಅವನ ಎಡಗಾಲು ಕ್ಲಚ್ ಹುಡುಕಿ ಬ್ರೇಕನ್ನೇ ತುಳಿಯಿತು. ಪಕ್ಕದಲ್ಲಿದ್ದ ಆಕೆ ಎದುರಿಗೆ ಬಂದವರಿಗೆಲ್ಲ ಬಗ್ಗಿ ನಮಸ್ಕಾರ ಮಾಡಿದಂತಾಯಿತು. ಮೈದಾನದ ಬಾಗಿಲಿನ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕದೆ ಗೇರನ್ನು ಪಿಗೆ ದೂಡಿ ಇಳಿದ. ಕಾರು ಒಂದು ಗೇಣು ಹಿಂದೆ ಸರಿದು ಟಕ್ಕೆಂದು ನಿಂತಿತು.

ಗಂಟುಮುಖದ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು "ಹೊರಡಿ" ಎಂದರು. ಆಕೆ ಕಾರು ಸ್ಟಾರ್ಟ್ ಮಾಡಿ, ಬ್ರೇಕ್ ತುಳಿದು, ಗುಂಡಿ ಅದುಮಿ ಎಳೆದಳು. ಗೇರು ಜಪ್ಪಯ್ಯ ಅನ್ನಲಿಲ್ಲ. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಗಂಡ ಕಿಟಕಿಯಲ್ಲಿ ತಲೆ ತೂರಿಸಿದ. "ಜೋರಾಗಿ ಎಳಿಯೇ. ನಾನಾಗಿದ್ರೆ..."

"ಸಿಕ್ಕಿಸಿಟ್ಟಿರೋದೇ ನೀವು. ಸುಮ್ನಿರಿ."

ಆಕೆಗೆ ಅಳುವೇ ಬಂತು. ಐದನೆಯ ಸಲವೂ ಹೋದರೆ ಸಮವಸ್ತ್ರವೂ ಹೋದಂತೆಯೇ. ಆದರೆ ಸಿಕ್ಕಿಕೊಂಡ ಬಟ್ಟೆಯನ್ನು ಜಗ್ಗಿದರೆ ಸೂಜಿ ಮುರಿಯುತ್ತದೆ ಎಂಬುದು ಆಕೆಗೆ ಗೊತ್ತಿಲ್ಲದ್ದೇ? ಗಾಡಿಯ ಭಾರವೆಲ್ಲ ಆ ಒಂದು ಹಲ್ಲಿನ ಮೇಲೆ ಕೂತಿತ್ತು. ಮೊದಲು ಭಾರ ತೆಗೆಯಬೇಕು.

"ಸಾರ್, ಸ್ವಲ್ಪ ಇಳಿದು ಹಿಂದಿನಿಂದ ತಳ್ತೀರಾ?"

"ನಾನಾ?"

"ನೀವೂ, ನಮ್ಮನೆಯವರೂ."

ಹಾಗೆ ಅವರನ್ನು ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ತಬ್ಬಿಬ್ಬಾಗಿ ಇಳಿದೇಬಿಟ್ಟರು. ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಕೆಯ ಗಂಡನ ಜೊತೆ ಏದುಸಿರು ಬಿಡುತ್ತ ತಳ್ಳಿದರು. ಕಾರು ನಾಲ್ಕು ಬೆರಳು ಮೇಲೇರಿದ ತಕ್ಷಣ ಆಕೆ ಬ್ರೇಕ್ ಒತ್ತಿ ಗೇರು ಎಳೆದಳು. ಅದು ಸಲೀಸಾಗಿ ಡಿಗೆ ಬಂತು. ಆ ಖುಷಿಯಲ್ಲಿ ಹೊರಟೇ ಹೋದಳು.

ಮೈದಾನದ ಎಂಟರ ಆಕಾರದ ದಾರಿಯನ್ನು ಅಚ್ಚುಕಟ್ಟಾಗಿ ಸುತ್ತಿದ ಮೇಲೆ "ಸರಿ ಇದೆಯಾ ಸಾರ್?" ಎಂದು ಪಕ್ಕಕ್ಕೆ ತಿರುಗಿದಳು. ಸೀಟು ಖಾಲಿ. ಕನ್ನಡಿಯಲ್ಲಿ ನೋಡಿದರೆ ಇನ್‌ಸ್ಪೆಕ್ಟರು ಫೈಲು ಬೀಸುತ್ತ ಓಡಿ ಬರುತ್ತಿದ್ದರು, ಅವರ ಹಿಂದೆ ಗಂಡ. ಆಕೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಪಿಗೆ ಹಾಕಿದಳು.

"ಯಾರನ್ನ ಕೇಳಿ ಹೋದ್ರಿ?" ಇನ್‌ಸ್ಪೆಕ್ಟರಿಗೆ ಉಸಿರೇ ಸಾಲುತ್ತಿರಲಿಲ್ಲ.

"ನೀವೇ ಹೊರಡಿ ಅಂದ್ರಲ್ಲ ಸಾರ್."

ಅವರು ಹ್ಯಾಂಡ್‌ಬ್ರೇಕ್ ನೋಡಿದರು, ಗೇರು ನೋಡಿದರು, ಬಹಳ ಹೊತ್ತು ಆಕೆಯ ಗಂಡನನ್ನು ನೋಡಿದರು. ಆಮೇಲೆ ಪಾಸು ಎಂದು ಬರೆದರು.

ವಾಪಸು ಆಕೆಯೇ ಓಡಿಸಿದಳು. ಈ ಸಲ ಯಾರೂ ಮುಂದಕ್ಕೆ ಮುಗ್ಗರಿಸಲಿಲ್ಲ.

"ಸಮವಸ್ತ್ರ ಕೊಡೋಕೆ ಹೋಗ್ತೀಯಲ್ಲ," ಎಂದ ಗಂಡ ಅರ್ಧ ದಾರಿಯಲ್ಲಿ, ಕಿಟಕಿಯಾಚೆ ನೋಡುತ್ತ. "ಆವತ್ತು ನನಗೆ ಬೆಳಗಿನ ಪಾಳಿ. ಡಿಪೋ ಹತ್ರ ಇಳಿಸ್ತೀಯಾ?"

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನು ಆಕೆಯನ್ನು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು.

"ಇಳಿಸ್ತೀನಿ," ಎಂದಳು. "ಮೂಟೆ ತೊಡೆ ಮೇಲಿಟ್ಕೊಂಡು ಕೂರಬೇಕಾಗತ್ತೆ."