ತಾಮ್ರದ ಹೊದಿಕೆಯ ತಂತಿ

ವೇಮಗಲ್‌ನಲ್ಲಿ ನಾವು ಗಂಡ ಹೆಂಡತಿ ಸೇರಿ ಸಣ್ಣದೊಂದು ವೈಂಡಿಂಗ್ ಅಂಗಡಿ ನಡೆಸುತ್ತೇವೆ. ಮನೆಗಳ ಸ್ಟೆಬಿಲೈಸರ್, ರೇಷ್ಮೆ ಹುಳು ಸಾಕುವವರ ಕೂಲರ್ ಸ್ಟೆಬಿಲೈಸರ್, ಅವುಗಳೊಳಗಿನ ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತುವುದು ನಮ್ಮ ಕಸುಬು. ಸುತ್ತಿನ ಲೆಕ್ಕ ನನ್ನದು, ಸುತ್ತುವ ಕೈ ನಮ್ಮ ಮನೆಯವರದು. ಅವರಿಗೆ ತಾಮ್ರವೆಂದರೆ ಪ್ರಾಣ. ಹೊಸ ರೀಲು ಬಿಚ್ಚಿದರೆ ಸಾಕು, ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. "ಏನ್ ಅದು, ಹುಳಿಸಾರಾ ಮೂಸೋಕೆ?" ಎಂದು ನಾನು ರೇಗಿಸುತ್ತಿರುತ್ತೇನೆ.

ಹೋದ ವರ್ಷ ಅವರ ಬಲಭುಜ ಹಿಡಿದುಕೊಂಡಿತು. ಭಾರ ಎತ್ತಲೇಬಾರದು ಎಂದರು ಕೋಲಾರದ ಡಾಕ್ಟರು. ನಮ್ಮ ಕೆಲಸದಲ್ಲಿ ದಿನವಿಡೀ ರೀಲು ಎತ್ತಿ ಸ್ಟ್ಯಾಂಡಿಗೆ ಹಾಕಬೇಕು, ಇಳಿಸಬೇಕು. ತಾಮ್ರದ ರೀಲು ಕಲ್ಲುಗುಂಡಿನಷ್ಟು ಭಾರ. ನಾನು ಎತ್ತಲು ಹೋದರೆ ಕೈ ತಳ್ಳಿಬಿಡುತ್ತಿದ್ದರು. ನೋವೆಂದು ಊರಲ್ಲಿ ಒಬ್ಬರಿಗೂ ಹೇಳಲಿಲ್ಲ, ಅಷ್ಟು ಬಿಗುಮಾನ! ಕೊನೆಗೊಂದು ಬೆಳಿಗ್ಗೆ, "ಅಂಗಡಿ ಮುಚ್ಚಿಬಿಡೋಣ ಕಣೇ. ನರಸಾಪುರದಲ್ಲಿ ವಾಚ್‌ಮನ್ ಕೆಲಸ ಇದೆಯಂತೆ" ಎಂದರು. ತಂತಿ ಮುಟ್ಟದೆ ಈ ಮನುಷ್ಯ ಗೇಟು ಕಾಯುತ್ತಾ ಕೂತರೆ ಒಳಗೊಳಗೇ ಸೊರಗಿಹೋಗುತ್ತಾರೆ ಎಂದು ನನಗೆ ಗೊತ್ತಿತ್ತು.

ಮಾರನೆಯ ದಿನ ಮಾಲೂರಿಗೆ ಹೋಗಿ ಬೇರೆ ಜಾತಿಯ ತಂತಿ ತಂದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳುವಾದ ಹೊದಿಕೆ. ಅಷ್ಟೇ ಕರೆಂಟು ಹೊರಲು ತಾಮ್ರಕ್ಕಿಂತ ದಪ್ಪ ತಂತಿ ಬೇಕು, ಅದು ಕೂರಲು ಕಬ್ಬಿಣದ ಚೌಕಟ್ಟೂ ದೊಡ್ಡದಾಗಬೇಕು. ಆದರೇನು, ರೀಲು ಹಗುರ! ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದೆ.

ಅವರು ಮುಖ ಗಂಟಿಕ್ಕಿಕೊಂಡೇ ಸುತ್ತಿದರು. ಬೆಸುಗೆ ಹಾಕುವ ಮುನ್ನ ತಂತಿಯ ತುದಿಯ ಮೆರುಗೆಣ್ಣೆಯನ್ನು ಕೆರೆದು ತೆಗೆಯಬೇಕು. ತಾಮ್ರಕ್ಕೆ ಮಾಡುವ ಹಾಗೆಯೇ ಬ್ಲೇಡು ಒತ್ತಿ ಬರಬರ ಕೆರೆದರು. ಮೆರುಗೆಣ್ಣೆಯ ಜೊತೆಗೆ ತಾಮ್ರವೂ ಕಿತ್ತುಬಂದು ಒಳಗಿನ ಬಿಳುಪು ಕಾಣಿಸಿತು. ಬೆಸುಗೆ ಹಿಡಿಯದೆ ಉಂಡೆಯಾಗಿ ಉರುಳಿತು.

"ನೋಡೇ ನಿನ್ನ ತಂತಿ! ಕವರಿಂಗ್ ಬಳೆ!" ಎಂದು ಬ್ಲೇಡು ಎಸೆದರು.

ನನಗೂ ರೇಗಿತು. "ತಂತಿ ಕೆರೀತಿದೀರೋ, ಕಬ್ಬು ಸುಲೀತಿದೀರೋ? ಮೆತ್ತಗೆ ಉಜ್ಜಿ!" ಎಂದು ನಯವಾದ ಉಪ್ಪುಕಾಗದ ಕೈಗಿಟ್ಟೆ. ಗೊಣಗುತ್ತಲೇ ಹಗುರವಾಗಿ ಉಜ್ಜಿದರು. ಈ ಸಲ ಬೆಸುಗೆ ಹಿಡಿಯಿತು. ಆದರೂ ನಂಬಿಕೆಯಿಲ್ಲ, ನಮ್ಮ ಮನೆಯ ಫ್ರಿಜ್ಜಿಗೇ ಆ ತಂತಿಯ ಸ್ಟೆಬಿಲೈಸರ್ ಹಾಕಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಆಗಾಗ ಮುಟ್ಟಿ ನೋಡುತ್ತಿದ್ದರು. ಬಿಸಿಯೇರಲಿಲ್ಲ. ಅವರು ಹೊಗಳಲೂ ಇಲ್ಲ, ವಾಚ್‌ಮನ್ ಮಾತನ್ನು ಬಿಡಲೂ ಇಲ್ಲ.

ಆಗ ಮುಳಬಾಗಿಲು ಕಡೆಯ ರೈತರೊಬ್ಬರು ಹುಳು ಮನೆಯ ಕೂಲರ್‌ಗೆ ಸ್ಟೆಬಿಲೈಸರ್ ಬೇಕೆಂದು ಬಂದರು. ಹೊಸ ತಂತಿಯಲ್ಲಿ ಸುತ್ತಿದ್ದನ್ನು ನೋಡಿ, "ಪ್ಯೂರ್ ಕಾಪರ್ರೇ ಅಲ್ವಾ ಅಣ್ಣಾ?" ಎಂದರು. ಮೇಲೆಲ್ಲ ಕೆಂಪು, ಹೌದೆಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಯವರು ರೀಲಿನಿಂದ ಒಂದು ತುಂಡು ಕತ್ತರಿಸಿ, ತುದಿಯನ್ನು ರೈತರ ಕಣ್ಣಿನ ಹತ್ತಿರ ಹಿಡಿದರು.

"ಒಳಗೆ ಅಲ್ಯೂಮಿನಿಯಂ ಕಣಪ್ಪಾ. ಕೆಲಸ ಚೆನ್ನಾಗೇ ಮಾಡುತ್ತೆ, ಮನೇಲಿ ಹಾಕಿ ನೋಡಿದೀನಿ. ಪೂರ್ತಿ ತಾಮ್ರದ್ದೇ ಬೇಕಂದ್ರೆ ಬೇರೆ ಅಂಗಡಿ ನೋಡ್ಕೊ." ಮೂಲೆಯಲ್ಲಿದ್ದ ತಾಮ್ರದ ರೀಲಿನ ಕಡೆ ಕೈ ತೋರಿಸಿ, "ಆ ರೀಲು ಎತ್ತೋಕೆ ನನ್ ಕೈಲಿ ಆಗಲ್ಲ. ಭುಜ ಹೋಗಿದೆ" ಎಂದರು.

ಪರರ ಮುಂದೆ ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ರೈತರು ಅವರ ಭುಜ ನೋಡಿದರು, ತಂತಿ ನೋಡಿದರು. "ಸರಿ ಬಿಡಿ ಅಣ್ಣಾ, ನಮ್ ಹುಳಕ್ಕೆ ತಂಪಾದ್ರೆ ಸಾಕು. ಇಂಥದ್ದೇ ಇನ್ನೊಂದು ಸುತ್ತಿಡಿ, ನಮ್ ಭಾವಂಗೆ" ಎಂದರು.

ಅವರು ಹೋದ ಮೇಲೆ ಇವರು ಹಗುರ ರೀಲನ್ನು ಎಡಗೈಯಲ್ಲೇ ಎತ್ತಿ ಸ್ಟ್ಯಾಂಡಿಗೆ ಹಾಕಿದರು. "ಏನೇ, ಸುಮ್ನೆ ನಿಂತ್ಬಿಟ್ಟೆ? ಎಷ್ಟು ಸುತ್ತು ಹೇಳು" ಎಂದರು. ನಾನು ಲೆಕ್ಕದ ಪುಸ್ತಕ ಬಿಡಿಸಿ ಅವರ ಪಕ್ಕದಲ್ಲಿ ಕೂತೆ.