ಉತ್ತರಕ್ಕೆ ಬಿದ್ದ ನೆರಳು

ನಮ್ಮ ಮೂವತ್ತು ಅಂತಸ್ತು ಅಂದು ಟೀಪಾಯಿಯ ಮೇಲೆ ನಿಂತಿತ್ತು. ಬಿಲ್ಡರ್ ಕಡೆಯ ಎಂಜಿನಿಯರ್ ಹೊಸೂರಿನಿಂದ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಜೋಪಾನವಾಗಿ ತಂದಿದ್ದ ಮಾಡೆಲ್ಲು ಅದು. ಬೆರಳುದ್ದದ ಮರಗಳು, ಉಗುರಿನಷ್ಟು ಕಾರುಗಳು, ಗೇಟಿನಲ್ಲಿ ಒಬ್ಬ ಪುಟ್ಟ ಕಾವಲುಗಾರ ಕೂಡ. ಉತ್ತರದ ಬೇಲಿಯಾಚೆ ಮಾತ್ರ ಬರೀ ಹಸಿರು ಕಾಗದ.

ಆ ಹಸಿರು ಕಾಗದವೇ ನನ್ನ ಓರಗಿತ್ತಿಯ ಗುಲಾಬಿ ತೋಟ. ಮೈದುನ ತೀರಿಹೋದ ಮೇಲೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿರುವುದು ಆ ಅರ್ಧ ಎಕರೆಯಿಂದ. ಬಾಗಲೂರು ರಸ್ತೆಗಿರುವ ಮುಂದಿನ ಜಮೀನು ಜಂಟಿಯಲ್ಲಿದ್ದದ್ದರಿಂದ ಅವಳ ಸಹಿಯಿಲ್ಲದೆ ಟವರ್ ಏಳುವಂತಿರಲಿಲ್ಲ. ಪೆನ್ನು ಆಗಲೇ ಅವಳ ಕೈಗೆ ಬಂದಿತ್ತು. ಹೆಬ್ಬೆರಳಿನ ಮೇಲೆ ಹೊಸದಾಗಿ ಮುಳ್ಳು ಗೀರಿದ ಗುರುತು. ಫೆಬ್ರವರಿಯ ಹೂವಿಗೆಂದು ಗಿಡಗಳಿಗೆ ಕತ್ತರಿ ಹಾಕಿ ಎರಡು ದಿನವಾಗಿತ್ತಷ್ಟೆ.

"ಅಗಲದ ಮೊಕ ರೋಡ್ಗೇ ಇರ್ಬೇಕು," ಎಂದರು ಮಾವ.

"ಕಿರಿದಾದ ಕಡೆ ರೋಡಿಗೆ ಮಾಡಿ ಉದ್ದುದ್ದ ನಿಲ್ಲಿಸಿದ್ರೆ ಎಲ್ಲಾ ಮನೆಗೂ ಬೆಳಕು ಬರುತ್ತಲ್ವಾ ಅಪ್ಪಾ?" ಎಂದರು ನನ್ನ ಗಂಡ.

"ಸುಮ್ಕಿರ್ಲಾ. ನಿನ್ ಫ್ಯಾಕ್ಟ್ರಿ ಶೆಡ್ಡಾ ಇದು? ಹೊಸೂರಿಂದ ಬರೋರ್ಗೆ ದೂರ್ದಿಂದ್ಲೇ ಕಾಣ್ಬೇಕು, ಇದು ನಮ್ದು ಅಂತ."

ನಾನು ಕಾಫಿ ತಂದಿಟ್ಟವಳು ಅಲ್ಲೇ ನಿಂತೆ. ಅಂದು ಬೆಳಿಗ್ಗೆ ನಾನೊಂದು ತಪ್ಪು ಮಾಡಿದ್ದೆ. ಬೇಸಿಗೆಯಲ್ಲಿ ಹಪ್ಪಳ ಹಾಕುವ ಜಾಗದಲ್ಲೇ, ತಾರಸಿಯ ಟ್ಯಾಂಕಿನ ಉತ್ತರಕ್ಕೆ, ಅವರೆಬೇಳೆ ಹರವಿ ಬಂದಿದ್ದೆ. ಹನ್ನೊಂದಕ್ಕೆ ನೋಡಿದರೆ ಬೇಳೆ ಇನ್ನೂ ಹಸಿ. ಧನುರ್ಮಾಸದ ಸೂರ್ಯ ದಕ್ಷಿಣಕ್ಕೆ ವಾಲಿದ್ದ. ಟ್ಯಾಂಕಿನ ನೆರಳು ಚಾಪೆಯನ್ನೆಲ್ಲ ನುಂಗಿತ್ತು.

ಟ್ಯೂಬ್‌ಲೈಟಿನ ಕೆಳಗಿದ್ದ ಮಾಡೆಲ್ಲಿಗೆ ನೆರಳೇ ಇರಲಿಲ್ಲ.

ಕೈ ಎತ್ತಿ, ಅಪ್ಪಣೆ ಸಿಕ್ಕ ಮೇಲೆ ಮಾತಾಡಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಂದು ಕಾಯಲಿಲ್ಲ. "ಇದನ್ನ ಒಂದ್ಸಲ ಅಂಗಳದಲ್ಲಿಟ್ಟು ನೋಡೋಣ್ವಾ?" ಎಂದೆ. ನನ್ನ ದನಿ ನನಗೇ ಜೋರೆನಿಸಿತು.

"ನೋಡಪ್ಪಾ, ಕಾನ್ವೆಂಟ್ ಸೊಸೆ ಇಂಜಿನಿಯರ್ಗೇ ಪಾಠ ಯೋಳ್ತಾವ್ಳೆ," ಮಾವ ನಕ್ಕರು. ಎಂಜಿನಿಯರ್ ನಗಲಿಲ್ಲ. ಅವನೂ ನನ್ನ ಗಂಡನೂ ಸೇರಿ ಮಾಡೆಲ್ಲನ್ನು ಹೊರಗೆ ಹೊತ್ತು, ರಸ್ತೆಯ ಬದಿಯನ್ನು ದಕ್ಷಿಣಕ್ಕೆ ಮಾಡಿ ಇಟ್ಟರು.

ಹನ್ನೆರಡು ಗಂಟೆಯ ಬಿಸಿಲು. ಹಸಿರು ಕಾಗದ ಈ ತುದಿಯಿಂದ ಆ ತುದಿಯವರೆಗೆ ಕಪ್ಪಾಗಿತ್ತು.

ಓರಗಿತ್ತಿ ಕುಕ್ಕರಗಾಲಲ್ಲಿ ಕೂತು ಆ ನೆರಳಿನೊಳಗೆ ಬೆರಳಿಟ್ಟಳು. "ಹಿಂಗೇನಾ ಅಕ್ಕ? ಚಳಿಗಾಲ ಪೂರ್ತಿ?"

"ಚಳಿಗಾಲ ಪೂರ್ತಿ ಹಿಂಗೇಮ್ಮಾ," ಎಂದ ಎಂಜಿನಿಯರ್, ನಾನು ಬಾಯಿ ತೆರೆಯುವ ಮೊದಲೇ. ಆಮೇಲೆ ಮೆಲ್ಲಗೆ ಕಟ್ಟಡವನ್ನು ಕಾಲು ಸುತ್ತು ತಿರುಗಿಸಿದ. ನೆರಳು ಪಟ್ಟಿಯಷ್ಟು ಸಣ್ಣದಾಗಿ ತೋಟದ ನಡುವೆ ಬಿತ್ತು. "ಬೆಳಿಗ್ಗೆ ಆ ಕಡೆ, ಸಾಯಂಕಾಲ ಈ ಕಡೆ ಸರಿಯುತ್ತೆ ಸಾರ್. ಒಂದೇ ಜಾಗದಲ್ಲಿ ನಿಲ್ಲಲ್ಲ."

"ರೋಡ್ಗೆ ಪಕ್ಕೆ ತೋರುಸ್ಕೊಂಡು ನಿಂತ್ರೆ ಯಾವನಯ್ಯಾ ನೋಡ್ತಾನೆ?" ಮಾವನ ಮುಖ ಕೆಂಪೇರಿತು. "ಸೈನ್ ಹಾಕಮ್ಮಾ. ನೆಳ್ಳು ಗಿಳ್ಳು ಆಮ್ಯಾಕೆ ನೋಡವ."

ಅವಳು ಎದ್ದು ನಿಂತಳು. ಹತ್ತು ವರ್ಷಗಳಲ್ಲಿ ಅವಳು ಮಾವನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅಂದೂ ಅವಳ ಕಣ್ಣು ನೆಲದ ಮೇಲೇ ಇತ್ತು.

"ತಿರುಗ್ಸಿ ಬರ್ಕೊಂಡ್ ಬರ್ಲಿ ಮಾವ. ಆಗ ಆಕ್ತೀನಿ."

ಮಾವ ಕಾಫಿ ಮುಟ್ಟದೆ ಒಳಗೆ ಹೋದರು. ಬಾಗಿಲು ಬಡಿದ ಸದ್ದಿಗೆ ಮಾಡೆಲ್ಲಿನ ಒಂದು ಮರ ಬಿತ್ತು. ಎಂಜಿನಿಯರ್ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ನಕ್ಷೆಗಳನ್ನು ಸುರುಳಿ ಸುತ್ತತೊಡಗಿದ. ಓರಗಿತ್ತಿ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕೈಗಿಟ್ಟಳು. ಅದು ಅವಳ ಅಂಗೈ ಬೆವರಿಗೆ ಒದ್ದೆಯಾಗಿತ್ತು.

"ಬಾ ಅಕ್ಕ," ಎಂದಳು, "ನಿನ್ ಅವರೆಬ್ಯಾಳೆ ಬಿಸಿಲ್ಗೆ ಎಳೆಯವ."