ಎರಡನೇ ಸಲ ಹಾಡದ ಮುನವ್ವರ್

ವಾಮದಪದವಿನ ಮುನವ್ವರನ ಕಸುಬು ಮೈಕಿನಲ್ಲಿ ಕೂಗುವುದು. ಕಬಡ್ಡಿ ಪಂದ್ಯ ಇರಲಿ, ಹೊಸ ಬಟ್ಟೆ ಅಂಗಡಿ ಇರಲಿ, ಆಟೋದ ಮೇಲೆ ಎರಡು ಸ್ಪೀಕರ್ ಕಟ್ಟಿ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಕೂಗುತ್ತ ಹೋಗುವವ ಅವನೇ. ಬರೆದು ಕೊಟ್ಟದ್ದನ್ನು ಅವ ಓದುತ್ತಿರಲಿಲ್ಲ. ಮಾತಿಗೆ ಮಾತು ಪ್ರಾಸ ಹೊಂದಿಸಿಕೊಂಡೇ ಹೋಗುತ್ತಿದ್ದ. ಗದ್ದೆಯಲ್ಲಿದ್ದ ಹೆಂಗಸರೂ ಸೊಂಟ ನೆಟ್ಟಗೆ ಮಾಡಿ ಕೇಳುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮೈಕಿನಂಗಡಿಯ ಧರ್ಣಪ್ಪ ಒಂದು ದಿನ, "ನಿನಗೆ ಗಂಟಲು ನೋವಾಗುವುದು ಬೇಡ ಮಾರಾಯ, ಒಂದು ಸಲ ಕ್ಯಾಸೆಟ್ಟಿಗೆ ಹೇಳಿಬಿಡು" ಎಂದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಮುನವ್ವರ್ ಹೇಳಿದ. ಮರುವಾರ ಕೆಲಸಕ್ಕೆ ಕರೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿದ್ದವನ ಎದುರಿನಿಂದಲೇ ಅವನ ಸ್ವರ ಆಟೋದಲ್ಲಿ ಕೂಗಿಕೊಂಡು ಹೋಯಿತು. ಪಕ್ಕದಲ್ಲಿದ್ದವರು ಕೇಳಿದರು, "ನೀನು ಇಲ್ಲಿದ್ದಿ. ಮತ್ತೆ ಅದು ಯಾರು?"

ಅಂದಿನಿಂದ ಅವ ಯಾರನ್ನೂ ನಂಬಲಿಲ್ಲ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವ ಮಜ್ಜಿಗೆಯನ್ನೂ ಊದಿ ಕುಡಿದ ಹಾಗೆ, ಯಾರ ಕೈಯಲ್ಲಿ ಟೇಪ್‌ರೆಕಾರ್ಡರ್ ಕಂಡರೂ ಬಾಯಿ ಮುಚ್ಚುತ್ತಿದ್ದ.

ಈ ನಡುವೆ ದುಬೈಯಿಂದ ಬಂದ ಅವನ ಚಿಕ್ಕಮ್ಮನ ಮಗ ಸಿನಾನ್ ಒಂದು ಡಿಸ್ಕ್ ತಂದುಕೊಟ್ಟ. ಅಮೆರಿಕದ ಕರಿಯ ಹುಡುಗರು ಹಾಡಿದ್ದು, ಅದಕ್ಕೆ ರ‍್ಯಾಪ್ ಎನ್ನುವುದಂತೆ. ಬೀಡಿ ಕಟ್ಟುತ್ತ ಕೂತಿದ್ದ ತಾಯಿ ಖತೀಜಮ್ಮ ಸ್ವಲ್ಪ ಹೊತ್ತು ಕೇಳಿ, "ಇವನಿಗೆ ಯಾರ ಮೇಲೆ ಇಷ್ಟು ಸಿಟ್ಟು?" ಎಂದರು. ಇಷ್ಟು ವರ್ಷ ತಾನು ಆಟೋದಲ್ಲಿ ಮಾಡಿದ್ದು ಕೂಡ ಹಾಡೇ ಎಂದು ಮುನವ್ವರನಿಗೆ ಗೊತ್ತಾದದ್ದು ಆವಾಗಲೇ. ಮನೆಮಾತು ಬ್ಯಾರಿಯಲ್ಲಿ, ಊರಿನ ತುಳುವಿನಲ್ಲಿ ಕಟ್ಟತೊಡಗಿದ. ಸ್ಟಾಪ್ ಉಂಟು ಬಸ್ಸಿಲ್ಲ, ಬಸ್ಸುಂಟು ಸೀಟಿಲ್ಲ, ಸೀಟುಂಟು ಕಾಲಿಡಲು ಜಾಗವಿಲ್ಲ, ಜಾಗ ಸಿಕ್ಕಿದರೆ ಇಳಿಯಲು ಮನಸ್ಸಿಲ್ಲ ಎಂದು ಉಸಿರು ಬಿಡದೆ ಹೇಳುವಂಥದ್ದು. ಒಂದನ್ನೂ ಕಾಗದಕ್ಕೆ ಇಳಿಸಲಿಲ್ಲ. ಕಾಗದಕ್ಕೆ ಕಾಲುಂಟು ಎನ್ನುತ್ತಿದ್ದ.

ಎರಡು ಸಾವಿರದ ಐದರಲ್ಲಿ ಶಿರ್ತಾಡಿಯ ಕ್ರಿಕೆಟ್ ಪಂದ್ಯದಲ್ಲಿ ಅವನ ಕಾಮೆಂಟರಿ ಕೇಳಿದ ಶೋಧನ್ ಹತ್ತಿರ ಬಂದ. ಮೂಡುಬಿದಿರೆಯ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ಶೋಧನನ ರೆಕಾರ್ಡಿಂಗ್ ಕೋಣೆ. ಎಂಟು ಹೊಸ ಹುಡುಗರ ಹಾಡಿನ ಡಿಸ್ಕ್ ತರುತ್ತೇನೆ, ಒಂದು ನಿನ್ನದು, ಕವರಿನ ಮೇಲೆ ಹೆಸರೂ ಹಾಕುತ್ತೇನೆ ಎಂದ. ಮಂಗಳೂರಿನ ಅಂಗಡಿಗಳಿಗೂ ಹೋಗುತ್ತದೆ ಎಂದ.

ಮುನವ್ವರನಿಗೆ ಮೂರು ದಿನ ನಿದ್ದೆ ಇಲ್ಲ. ಹೋಗಬೇಕೆಂದು ಜೀವ ಹೋಗುತ್ತಿತ್ತು. "ಕೇಳದೆಯೇ ಹೆಸರು ಹಾಕುತ್ತೇನೆ ಅಂದ. ಯಾಕೆ ಅಂದ ಉಮ್ಮ?" ಎಂದು ತಾಯಿಯನ್ನು ಕೇಳಿದ.

"ನಿನ್ನ ಮಾತು ಕದ್ದು ಅವ ಏನು ಮಾಡ್ತಾನೆ ಮೋನೆ, ಪಲ್ಯ ಮಾಡ್ತಾನಾ?" ಎಂದರು ಖತೀಜಮ್ಮ.

ಹೋದ. ಕೋಣೆಯ ಗೋಡೆಗೆಲ್ಲ ಹಳೆ ಕಂಬಳಿ ಹೊಡೆದಿತ್ತು. ಮೈಕಿನ ಎದುರು ನಿಂತು ಒಂದೇ ಉಸಿರಿಗೆ ಹಾಡಿ ಮುಗಿಸಿದ. ಶೋಧನ್ ಕಿವಿಯ ಹೆಡ್‌ಫೋನ್ ಕಳಚಿ ನಕ್ಕ. "ಭಾರೀ ಲಾಯ್ಕಾಯ್ತು ಮಾರಾಯ. ಇನ್ನೊಮ್ಮೆ ಹೇಳುವ."

"ಲಾಯ್ಕಾದ ಮೇಲೆ ಇನ್ನೊಮ್ಮೆ ಯಾಕೆ?"

"ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಸ್ವರ ದಪ್ಪ ಆಗ್ತದೆ. ಎಲ್ಲರೂ ಹಾಗೇ ಮಾಡುವುದು."

ಮುನವ್ವರನ ಕಣ್ಣು ಕಂಪ್ಯೂಟರಿನ ಮೇಲೇ ಇತ್ತು. ಒಂದು ಈ ಡಿಸ್ಕಿಗೆ, ಇನ್ನೊಂದು ಯಾವ ಡಿಸ್ಕಿಗೆ? "ಮೊದಲಿನದನ್ನು ಅಳಿಸಿ ಶೋಧನಣ್ಣ. ನನ್ನೆದುರೇ ಅಳಿಸಿ. ಮತ್ತೆ ಹಾಡ್ತೇನೆ."

"ಅದೇ ಒಳ್ಳೇದಿದ್ದದ್ದು, ಹುಚ್ಚಾ ನಿನಗೆ?"

"ಅಳಿಸಿ."

ಶೋಧನ್ ತಲೆ ಕೆರೆದುಕೊಂಡು ಅಳಿಸಿದ. ಎರಡನೆಯದರಲ್ಲಿ ಉಸಿರು ತಪ್ಪಿತು. ಅದನ್ನೂ ಅಳಿಸಿಸಿದ. ಮೂರನೆಯದರಲ್ಲಿ ಕೆಳಗೆ ಬಸ್ಸು ಹಾರ್ನ್ ಹಾಕಿತು. ಹೀಗೆ ಏಳು ಸಲ ಹಾಡಿ ಏಳನ್ನೂ ಅಳಿಸಿಸುವಾಗ ಮುನವ್ವರನ ಗಂಟಲು ಒಡೆದ ಬಿದಿರಿನ ಹಾಗಾಗಿತ್ತು. ಶೋಧನ್ ಸಿಟ್ಟು ಮಾಡಲಿಲ್ಲ. "ನಾಡಿದ್ದು ಡಿಸ್ಕ್ ಕಳಿಸಬೇಕು. ನಿನ್ನ ಜಾಗಕ್ಕೆ ಬೇರೆಯವನನ್ನು ಹಾಕುತ್ತೇನೆ, ಬೇಜಾರು ಮಾಡಬೇಡ" ಎಂದ. ಬೇಜಾರು ಮಾಡಬೇಡ ಅಂದದ್ದರಲ್ಲೂ ಏನೋ ಉಂಟು ಎಂದೇ ಮುನವ್ವರನಿಗೆ ಕಂಡಿತು.

ಡಿಸ್ಕ್ ಬಂತು. ಮುನವ್ವರ್ ಬೆಳ್ತಂಗಡಿಗೆ ಹೋಗಿ, ಗುರುತಿನವರಿಲ್ಲದ ಅಂಗಡಿಯಲ್ಲಿ ಕೊಂಡು ತಂದ. ಎಂಟೂ ಹಾಡನ್ನು ಕಿವಿ ಕೊಟ್ಟು ಕೇಳಿದ. ತನ್ನ ಒಂದು ಸಾಲಾದರೂ ಎಲ್ಲಾದರೂ ಅಡಗಿರಬೇಕಲ್ಲ! ಮತ್ತೆ ಕೇಳಿದ. ಮೂರನೇ ಸಲ ಕೇಳುವಾಗ ಖತೀಜಮ್ಮ ಬೀಡಿಯ ಮೊರ ಬದಿಗಿಟ್ಟು ಕೇಳಿದರು, "ಸಿಕ್ಕಿತಾ?"

"ಇಲ್ಲ ಉಮ್ಮ."

"ಇಲ್ಲದ್ದಕ್ಕೆ ಮುಖ ಯಾಕೆ ಹೀಗೆ?"

ಮುನವ್ವರ್ ಹಾಡು ನಿಲ್ಲಿಸಿ ಕವರನ್ನು ಕೈಗೆತ್ತಿಕೊಂಡ. ಕದ್ದಿದ್ದರೆ ತಾನು ಗೆದ್ದ ಹಾಗಾಗುತ್ತಿತ್ತು. ತನ್ನ ಜಾಗಕ್ಕೆ ಹಾಕಿದ ಎಂಟನೇ ಹಾಡು ಒಬ್ಬ ಮದುವೆ ಹಾಡಿನವನದ್ದು, ಸಾಧಾರಣದ್ದು. ಕವರಿನಲ್ಲಿ ಅವನ ಹೆಸರು ನೆಟ್ಟಗೆ ಕೂತಿತ್ತು.

ಮರುವರ್ಷ ಶೋಧನ್ ಇನ್ನೊಂದು ಡಿಸ್ಕ್ ಮಾಡುತ್ತಾನೆಂಬ ಸುದ್ದಿ ಬಂತು. ಕರೆ ಬರಲಿಲ್ಲ. ಎಂಟು ದಿನ ಕಾದು, ಒಂಬತ್ತನೇ ದಿನ ಮುನವ್ವರ್ ತಾನಾಗಿಯೇ ಮಾಳಿಗೆ ಹತ್ತಿದ. ಶೋಧನ್ ಏನೂ ಕೇಳದೆ ಮೈಕ್ ಸರಿ ಮಾಡಿದ. ಮೊದಲ ಸಲದ್ದೇ ಚೆನ್ನಾಗಿ ಬಂತು.

"ಅಳಿಸಬೇಕಾ?" ಎಂದ ಶೋಧನ್. ಕೈ ಮೌಸಿನ ಮೇಲೇ ಇತ್ತು.

ಮುನವ್ವರ್ ಬಹಳ ಹೊತ್ತು ಪರದೆ ನೋಡಿದ. "ಬೇಡ, ಇರಲಿ" ಎಂದ. ಮತ್ತೆ ಮೈಕಿನೆದುರು ನಿಂತು ಅದೇ ಸಾಲುಗಳನ್ನು ಎರಡನೇ ಸಲ ಹಾಡಿದ. ಹಾಡುವಾಗಲೂ ಕಣ್ಣು ಶೋಧನನ ಕೈ ಬಿಟ್ಟು ಕದಲಲಿಲ್ಲ.

ಕೆಳಗಿಳಿದು ಬಂದ ಮೇಲೆ ವಾಮದಪದವಿನ ಬಸ್ಸು ಬಂತು. ಹತ್ತಲಿಲ್ಲ. ಮಾಳಿಗೆಯ ಕಿಟಕಿ ನೋಡುತ್ತ ನಿಂತ. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯದಕ್ಕೆ ಹತ್ತಿದ.